ಬೂರುಗದ ಹತ್ತಿ

ಎಂಟು ಹಾಸಿಗೆ ಬೇಕು, ನಾಳೆ ಬೆಳಗ್ಗೆ ಆರಕ್ಕೆ, ಅಂದ
ಸಿನಿಮಾದವರ ಮ್ಯಾನೇಜರು.
ಮದುವೆಗಾ, ಕೇಳಿದೆ.
ಅಲ್ಲ, ಬೀಳೋದಕ್ಕೆ.

ವಿರಾಜಪೇಟೆಯ ಗಡಿಯಾರ ಕಂಬದಾಚೆಯ ಓಣಿಯಲ್ಲಿ
ಮೂವತ್ತು ವರ್ಷ ನಾನು ಹೊಲಿದದ್ದೆಲ್ಲ ಮಲಗುವವರಿಗೆ.
ಹೆರುವವರಿಗೆ. ಸಾಯುವವರಿಗೂ ಒಂದೆರಡು.
ಬೀಳುವವರ ಅಳತೆ ಗೊತ್ತಿರಲಿಲ್ಲ.

ರಾತ್ರಿಯಿಡೀ ಹತ್ತಿ ಬಿಡಿಸಿದೆವು, ನಾನೂ ಆಯಿಸುಮ್ಮಳೂ.
ಅವಳ ರೆಪ್ಪೆ, ಹುಬ್ಬು, ತಲೆವಸ್ತ್ರದ ಅಂಚು ಎಲ್ಲ ಬೆಳ್ಳಗೆ.
ಮುದುಕಿ ಆಗಿಬಿಟ್ಟೆಯಲ್ಲೇ, ಅಂದೆ.
ದಬ್ಬಣ ತೋರಿಸಿದಳು.

ಕಾಫಿ ಕ್ಯೂರಿಂಗ್ ವರ್ಕ್ಸಿನ ಕಣದ ಸುತ್ತ
ಕುಯ್ಲಿನವರು ಅರ್ಧ ಚೀಲಕ್ಕೇ ಕೆಲಸ ಬಿಟ್ಟು ಬಂದು
ಗೋಡೆ ಹತ್ತಿ ಕೂತಿದ್ದರು.
ಜಪಾನಿನಿಂದ ಬಂದವನ ಹೆಸರು ಕಾಮಿಯಾ.
ಹತ್ತು ಗಂಟೆಯೊಳಗೆ ಊರು ಅವನನ್ನು
ಕಾಮಯ್ಯ ಮಾಡಿಟ್ಟಿತ್ತು.

ಐದಡಿ ಎರಡಂಗುಲ. ಒಂದು ಕಿವಿ
ಆರಿದ ಬಜ್ಜಿಯಂತೆ ಮುದುಡಿಕೊಂಡಿತ್ತು.
ನಮಗೆ ಬೇಕಿದ್ದದ್ದು ಕಿರುಚಾಟ, ಹೆಂಚು ಒಡೆಯುವ ಅಂಗೈ.
ಅವನೋ ಚಪ್ಪಲಿ ಬಿಟ್ಟ,
ನನ್ನ ಹಾಸಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ
ಆ ಕೆಟ್ಟ ಕಿವಿಯನ್ನೇ ಇಟ್ಟು ಕೇಳಿದ,
ಡಾಕ್ಟರು ಕೂಸಿನ ಎದೆ ಕೇಳುವ ಹಾಗೆ.
ಆಮೇಲೆ ಬೆರಳಲ್ಲೇ ಹೇಳಿದ: ಮೂಲೆಯ ಹೊಲಿಗೆ ಬಿಚ್ಚು.
ಗಾಳಿಗೆ ದಾರಿ ಬೇಕು.
ಬಿಗಿ ಹಾಸಿಗೆ ಮನುಷ್ಯನನ್ನು ವಾಪಸು ಎಸೆಯುತ್ತದೆ.

ಮೂವತ್ತು ವರ್ಷ ಬಿಗಿಯಾಗೇ ಹೊಲಿದಿದ್ದೆ.
ಯಾರೂ ಹೇಳಿರಲಿಲ್ಲ.

ಮಾಡಿನ ತುದಿಯಿಂದ ನೆಲಕ್ಕೆ ಇಪ್ಪತ್ತೆರಡು ಅಡಿ.
ಬೀಳುವ ಮುಂಚೆ ಸೊಂಟ ಬಗ್ಗಿಸಿ ವಂದಿಸಿದ.
ಹೀರೋಗೆ ಅಂದುಕೊಂಡರು ಎಲ್ಲ.
ನಾನು ಅವನ ಕಣ್ಣು ಹೋದ ದಾರಿ ನೋಡಿದೆ: ಹಾಸಿಗೆಗೆ.
ನನಗೆ ಒಂಥರಾ ಮುಜುಗರ.
ನಮ್ಮಲ್ಲಿ ಬಾಗುವುದು ಒಬ್ಬನಿಗೇ.

ಬಿದ್ದ.
ಕಾಫಿ ಮೂಟೆ ಇಳಿಸಿದಷ್ಟೂ ಸದ್ದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಹೀರೋ ಕಾರಿನಲ್ಲಿ ನಿದ್ದೆಹೋದ.
ಅವನ ಕೆಂಪು ಅಂಗಿ ಕಾಮಯ್ಯನಿಗೆ ತೊಡಿಸಿದರು,
ಕಾಣುವುದು ಬೆನ್ನಷ್ಟೇ ಆದರೂ ಮೀಸೆ ಅಂಟಿಸಿದರು.
ಗಾಳಿಯಲ್ಲಿ ಒಂದು ಸುತ್ತು ತಿರುಗಿ ಒದ್ದ.
ಬೆಳಗ್ಗೆ ಬಿದ್ದವನೂ ಅವನೇ,
ಸಂಜೆ ಒದ್ದವನೂ ಅವನೇ.

ಟೀ ಹೊತ್ತಿಗೆ ಮದ್ರಾಸಿನ ಲೈಟ್ ಹುಡುಗನೊಬ್ಬ ಅರ್ಥ ಹೇಳಿದ:
ಅವರ ಊರಿನ ಟೀವಿಯಲ್ಲಿ ಇವನು ಆರು ವರ್ಷ
ರಬ್ಬರಿನ ಹಲ್ಲಿಯೊಳಗೆ ಇದ್ದನಂತೆ.
ಕಟ್ಟಡಗಳನ್ನು ತುಳಿಯುವ ಹಲ್ಲಿ.
ರಾತ್ರಿ ಅದರ ಕಾಲು ಕಳಚಿ ಬೆವರು ಸುರಿಯಬೇಕಂತೆ.
ಸ್ವಂತ ಮಗಳೇ ಹಲ್ಲಿಗೆ ಕಾಗದ ಬರೆದಿದ್ದಳಂತೆ,
ಒಳಗಿರುವುದು ಯಾರೆಂದು ತಿಳಿಯದೆ.
ಉತ್ತರ ಬರೆದನಾ, ಕೇಳಿದೆ.
ಹೂಂ. ಹಲ್ಲಿಯ ಕೈಬರಹದಲ್ಲಿ.

ಹುತ್ತರಿಯ ಹೊತ್ತಿಗೆ ಸಿನಿಮಾ ನಮ್ಮ ಟಾಕೀಸಿಗೆ ಬಂತು.
ಕೆಂಪಂಗಿ ಒದ್ದಾಗ ಶಿಳ್ಳೆ, ಚಿಲ್ಲರೆ, ಹರಿದ ಕಾಗದ.
ಕಾಮಯ್ಯ ಮಾಡಿನಿಂದ ಜಾರಿ, ಕೈ ಬಿಚ್ಚಿ,
ಪರದೆಯ ಕೆಳಗಂಚಿನಲ್ಲಿ ಇಲ್ಲವಾದ.
ತಕ್ಷಣ ಹಾಡು.
ನಾವಿಬ್ಬರು ಮಾತ್ರ ಆ ಅಂಚನ್ನೇ ನೋಡುತ್ತ ಕೂತೆವು.
ಅದರ ಒಂದು ಗೇಣು ಕೆಳಗೆ
ನಮ್ಮ ಹೊಲಿಗೆ ಇತ್ತು.

ಕೊನೆಗೆ ಓಡಿದ ಹೆಸರುಗಳಲ್ಲಿ ಅವನದು ಇರಲಿಲ್ಲ.
ಇದ್ದಿದ್ದರೂ, ಜನ ಎದ್ದು ನಿಂತಾಗಿತ್ತು.

ಏಳು ಹಾಸಿಗೆ ಬಿಚ್ಚಿ, ಹತ್ತಿ ಬಿಸಿಲಿಗೆ ಹಾಕಿ
ಹೊಸ ಬಟ್ಟೆಯಲ್ಲಿ ಮಾರಿದೆ. ಈಗ ಎಲ್ಲದಕ್ಕೂ
ಮೂಲೆಯಲ್ಲಿ ಎರಡು ಹೊಲಿಗೆ ಬಿಡುತ್ತೇನೆ,
ಮರೆವು ಅಂತ ಗಿರಾಕಿಗಳು ನಗುತ್ತಾರೆ.

ಎಂಟನೆಯದು ಅಟ್ಟದ ಮೇಲೆ.
ಮೊನ್ನೆ ಅಮ್ಮತ್ತಿಯ ಹೆಂಗಸೊಬ್ಬರು ಅದನ್ನೇ ಕೆಳಗಿಳಿಸಿ ಅಂದರು,
ನಡುವೆ ಕೈಯಾಡಿಸಿ ತಡೆದರು: ಇಲ್ಲಿ ತಗ್ಗಿದೆಯಲ್ಲ,
ಯಾರಾದರೂ ಮಲಗಿದ್ದರಾ?

ಇಲ್ಲ, ಅಂದೆ.
ಸುಳ್ಳಲ್ಲ.